ಡ್ರ್ಯಾಗನ್ ಬೆಂಕಿ ಉಗುಳೋದು ಮ್ಯಾಜಿಕ್ಕಾ?

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ ಆಂಟಿಮ್ಯಾಜಿಕ್ ಫೀಲ್ಡ್, ಅಂದ್ರೆ ಮ್ಯಾಜಿಕ್ ನಡಿಯದ ಜಾಗ, ಅದ್ರ ಒಳಗೆ ನಿಂತಿದ್ರೆ ಡ್ರ್ಯಾಗನ್ ಬೆಂಕಿ ತಾಗಲ್ವಲ್ಲಾ ಅಂತ ಕೇಳಿದೀರಿ. ತಾಗುತ್ತೆ ಮಾರಾಯ್ರೆ, ಚೆನ್ನಾಗೇ ತಾಗುತ್ತೆ! ಹೋದ ಮಳೆಗಾಲ ತೀರ್ಥಹಳ್ಳಿಲಿ ಕರೆಂಟ್ ಹೋಗಿ ಕ್ಯಾಂಡಲ್ ಹಚ್ಕೊಂಡು ಆಡ್ತಿದ್ದಾಗ ನಾವೂ ಇದೇ ವಿಷ್ಯಕ್ಕೆ ಅರ್ಧ ರಾತ್ರಿ ಜಗಳ ಆಡಿದ್ವಿ.

ಈ ಆಟದ 2014ರ ರೂಲ್ಸ್ ಆದ್ರೆ ನೋಡ್ಬೇಕಾದ್ದು ಅದು ಸ್ಪೆಲ್ಲಾ, ಮ್ಯಾಜಿಕ್ ಐಟಮ್ಮಾ, ಸ್ಪೆಲ್ ಸ್ಲಾಟ್ (ಮಂತ್ರ ಹಾಕೋಕೆ ಇರೋ ಲೆಕ್ಕದ ಅವಕಾಶ) ಖರ್ಚಾಗುತ್ತಾ, ಇಲ್ಲಾ ವಿವರಣೆಯಲ್ಲೇ ಮ್ಯಾಜಿಕಲ್ ಅಂತ ಬರ್ದಿದಾರಾ ಅಂತ, ಇದ್ರಲ್ಲಿ ಒಂದಕ್ಕೆ ಹೌದು ಅಂದ್ರೂ ಸಾಕು ಮ್ಯಾಜಿಕ್ಕೇ. ಆಟದ ಪಾತ್ರಗಳಲ್ಲಿ ಪ್ಯಾಲಡಿನ್‌ನ ಡಿವೈನ್ ಸ್ಮೈಟ್ (ದೈವಶಕ್ತಿಯ ಏಟು) ಸ್ಲಾಟ್ ತಿನ್ನುತ್ತೆ, ಹಂಗಾಗಿ ಮ್ಯಾಜಿಕ್. ಡ್ರೂಯಿಡ್‌ನ ವೈಲ್ಡ್ ಶೇಪ್ (ಪ್ರಾಣಿ ರೂಪ ತಾಳೋದು) ವಿವರಣೇಲಿ ಆ ಪದಾನೇ ಇದೆ. ಬಾರ್ಬೇರಿಯನ್‌ನ ರೇಜ್ ಬರೀ ಸಿಟ್ಟು ಅಷ್ಟೆ. ಡ್ರ್ಯಾಗನ್ ಬೆಂಕಿ ಅದ್ರ ಮೈಯೊಳಗೇ ಇರೋದು, ನಮ್ಮ ಕಾಡಿನ ಮಿಣುಕುಹುಳ ಮಿನುಗುತ್ತೆ ಅಂತ ಅದನ್ನ ಮಾಟಗಾರ ಅಂತೀವಾ, ಹಂಗೇ ಇದೂ.

ಆದ್ರೆ ನಿಮ್ಮ ಗ್ಯಾಂಗು ಹಳೇ 3ನೇ ಎಡಿಷನ್ ಆಡ್ತಿದ್ರೆ ಕತೆ ಉಲ್ಟಾ, ಅದ್ರಲ್ಲಿ ಡ್ರ್ಯಾಗನ್ ಉಸಿರಿಗೆ ಸೂಪರ್‌ನ್ಯಾಚುರಲ್ ಅಂತ ಲೇಬಲ್ ಹಾಕಿದಾರೆ, ಫೀಲ್ಡ್ ಒಳಗೆ ನಡಿಯಲ್ಲ.