ಮಾಗಡಿ ಕೆರಿ ಫೋಟೋ ರಿಜೆಕ್ಟ್ ಆಗಿದ್ದಕ್ಕ
ಗದಗ ಜಿಲ್ಲೆ ಮಾಗಡಿ ಕೆರಿ ಹಕ್ಕಿ ಫೋಟೋ ಸ್ಪರ್ಧೆಗೆ ಕಳಸಿದ್ದು ರಿಜೆಕ್ಟ್ ಆತು ಅಂದ್ರೆಲ್ಲ, ಬಹುಶಃ ವಾಟ್ಸಾಪ್‌ನ್ಯಾಗ ಬಂದ ಕಾಪಿನ ಅಪ್‌ಲೋಡ್ ಮಾಡೀರಿ. 'ಸೈಜ್ ಸಣ್ಣದು, ಮೂಲ ಮಾಹಿತಿ ಇಲ್ಲ' ಅಂತ ಎರಡೂ ಒಟ್ಟಿಗೆ ಬಂದದ್ದು ನೋಡಿದ್ರ ಅದ ಕಾರಣ ಅನಸ್ತೈತಿ, ನನಗೂ ಒಮ್ಮೆ ಹಿಂಗ ಆಗಿತ್ತು. ವಾಟ್ಸಾಪ್ ಸಾದಾ ಫೋಟೋನ ಸುಮಾರು 1600 ಪಿಕ್ಸೆಲ್‌ಗೆ ಇಳಸ್ತೈತಿ, ತಗದ ತಾರೀಖು, ಕ್ಯಾಮೆರಾ ವಿವರ ಎಲ್ಲಾ ಅಳಸ್ತೈತಿ, 300 ಡಿಪಿಐ (ಇಂಚಿಗೆ 300 ಚುಕ್ಕಿ) ಪ್ರಿಂಟ್‌ಗೆ ಅದು ಐದು ಇಂಚು ಚಿಲ್ಲರೆ ಅಷ್ಟ ಆಗ್ತೈತಿ.

ಮೊದಲ, ಫೋಟೋ ತಗದವ್ರ ಫೋನ್ ಅಥವಾ ಕ್ಯಾಮೆರಾದ ಮೆಮೊರಿ ಕಾರ್ಡ್‌ನ್ಯಾಗಿಂದ ಮೂಲ ಫೈಲ್ ಹುಡುಕ್ರಿ. ಡೀಟೇಲ್ಸ್ ತಗದು ಪಿಕ್ಸೆಲ್, ತಾರೀಖು ಅದಾವೇನು ನೋಡ್ರಿ. ಆಮ್ಯಾಲೆ ಅದನ್ನ ಗೂಗಲ್ ಡ್ರೈವ್‌ಗೆ ಹಾಕಿ ತರಸ್ಕೋರಿ, ವಾಟ್ಸಾಪ್ ಬೇಕಂದ್ರ 'ಡಾಕ್ಯುಮೆಂಟ್' ಆಗಿ ಕಳಸ್ರಿ. ಸಣ್ಣ ಕಾಪಿನ ಆ್ಯಪ್‌ನ್ಯಾಗ ದೊಡ್ಡದು ಮಾಡಾಕ ಹೋಗಬ್ಯಾಡ್ರಿ, ಮುಖ ಎಲ್ಲಾ ಮೇಣದಂಗ ಕಾಣಸ್ತಾವು. ಕ್ರಾಪ್ ಎಷ್ಟು ನಡೀತೈತಿ ಅನ್ನೋದು ಒಂದೊಂದು ಸ್ಪರ್ಧೆಗೆ ಒಂದೊಂದು ಥರ, ನಿಮ್ಮದರ ನಿಯಮ ಓದ್ರಿ.

ಇನ್ನೊಂದು, ನೀವು ಆರಿಸಿದ್ದು ಬರೇ ಪಟ್ಟೆತಲೆ ಹೆಬ್ಬಾತು ಹಾರೋ ಫೋಟೋ. ಚಂದ ಐತಿ ಖರೆ, ಆದ್ರ ಸ್ಪರ್ಧೆ ವಿಷಯ 'ಮನುಷ್ಯ ಮತ್ತ ನಿಸರ್ಗದ ನಂಟು' ಐತಲ್ರೀ. ಹಕ್ಕಿ ಹಿಂಡಿನ ಮುಂದ ಕುರಿ ಕಾಯೋ ಅಜ್ಜ ನಿಂತದ್ದು ಐತಲ್ಲ, ಅದನ್ನ ಕಳಸ್ರಿ, ಮಂಗೋಲಿಯಾ ಕಡೆಯಿಂದ ಹಿಮಾಲಯ ದಾಟಿ ಚಳಿಗಾಲಕ್ಕ ಬರೋ ಆ ಹಕ್ಕಿ ಸುತ್ತಲಿನ ಹೊಲದಾಗ ಇಳಿದು ಮೇಯ್ತಾವು, ಆ ಹೊಲದವ್ರ ಬದುಕು ಅದರ ಜೋಡಿ ಕೂಡೇತಿ, ಕ್ಯಾಪ್ಶನ್‌ದಾಗ ಇದನ್ನ ಎರಡು ಸಾಲು ಬರೀರಿ. ಕಳಸೂಕಿಂತ ಮೊದಲ ಅಜ್ಜನ್ನ ಕೇಳಿ ಒಪ್ಪಿಗಿ ತಗೋರಿ.