ಹರಕೆ ಹೊತ್ತಿದ್ದೆ, ಈಗ ನಡೆಯೋಕಾಗುತ್ತಿಲ್ಲ

ಪ್ರಶ್ನೆ: ಮಗನ ಜ್ವರ ಇಳಿದರೆ ಸೆಪ್ಟೆಂಬರ್ 8ರ ಹಬ್ಬಕ್ಕೆ ಬೆಂಗಳೂರು ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕಾ ಚರ್ಚಿಗೆ ನಡೆದೇ ಬರುತ್ತೇನೆ ಅಂತ ಹರಕೆ ಹೊತ್ತಿದ್ದೆ. ಅವನು ಹುಷಾರಾದ. ಈಗ ನನ್ನ ಮಂಡಿ ಊದಿದೆ, ಮೆಟ್ಟಿಲು ಹತ್ತೋಕೂ ಆಗುತ್ತಿಲ್ಲ. ಮಾತು ತಪ್ಪಿದ ಹಾಗಾಯಿತಾ?

ಉತ್ತರ: ಇಲ್ಲಮ್ಮ, ಹೆದರಬೇಡಿ. ಹರಕೆ ಸುಮ್ನೆ ಮರೆತುಬಿಡೋ ವಿಷಯ ಅಲ್ಲ, ನಿಜ. ನಷ್ಟವಾದರೂ ಕೊಟ್ಟ ಮಾತು ಬದಲಿಸದವನನ್ನು ಬೈಬಲಿನ 15ನೇ ಕೀರ್ತನೆ ಮೆಚ್ಚುತ್ತದೆ, ನಿಮಗೆ ಸಂಕಟ ಆಗಿರೋದೂ ಅದಕ್ಕೇ ಅಲ್ವಾ. ಆದರೆ ಕಥೋಲಿಕ ಸಭೆಯ 1983ರ ಕಾನೂನಿನಲ್ಲೇ ದಾರಿ ಇದೆ: ಸ್ವಂತವಾಗಿ ಹೊತ್ತ ಹರಕೆಯನ್ನು ಅಷ್ಟೇ ಒಳ್ಳೆಯ ಅಥವಾ ಇನ್ನೂ ಒಳ್ಳೆಯ ಕೆಲಸಕ್ಕೆ ನೀವೇ ಬದಲಾಯಿಸಿಕೊಳ್ಳಬಹುದು, ಕಡಿಮೆ ಮಾಡೋದಾದರೆ ಮಾತ್ರ ನಿಮ್ಮ ಚರ್ಚಿನ ಗುರುಗಳನ್ನು ಕೇಳಬೇಕು. ಕೇಳಿ, ಸಂಕೋಚ ಬೇಡ. ಬಸ್ಸಲ್ಲೇ ಹೋಗಿ. ಮಗನನ್ನೂ ಕರೆದುಕೊಂಡು ಹೋಗಿ, ಮೇಣದಬತ್ತಿ ಅವನ ಕೈಯಲ್ಲೇ ಹಚ್ಚಿಸಿ.