ಇಸ್ರೇಲ್–ಪ್ಯಾಲೆಸ್ಟೀನ್ ಸಂಘರ್ಷ ಸಾವಿರಾರು ವರ್ಷಗಳ ಧರ್ಮದ್ವೇಷವೇ? ಅದರ ಮೂಲವೇನು?

ಹಾಗೆ ಹೇಳುವುದು ರೂಢಿಯಲ್ಲಿದ್ದರೂ, ಈಗಿನ ಸಂಘರ್ಷದ ಬೇರುಗಳಿರುವುದು 19ನೇ ಶತಮಾನದ ಕೊನೆಯಲ್ಲಿ. ರಷ್ಯಾ ಸಾಮ್ರಾಜ್ಯದ ಯಹೂದಿ ಹತ್ಯಾಕಾಂಡಗಳಿಗೂ ಯುರೋಪಿನ ಯಹೂದಿ ದ್ವೇಷಕ್ಕೂ ಉತ್ತರವಾಗಿ ಬೆಳೆದ ಝಿಯೋನಿಸ್ಟ್ ಚಳವಳಿಯು, 1897ರಲ್ಲಿ ಥಿಯೋಡರ್ ಹರ್ಜಲ್ ನೇತೃತ್ವದಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಸೇರಿದ ಸಮ್ಮೇಳನದಲ್ಲಿ, ಪ್ಯಾಲೆಸ್ಟೀನಿನಲ್ಲಿ ಯಹೂದಿಗಳಿಗೊಂದು ನೆಲೆ ಬೇಕೆಂದು ಘೋಷಿಸಿತು. ಆದರೆ ಆಟೊಮನ್ ತುರ್ಕರ ಆಳ್ವಿಕೆಯ ಆ ನಾಡಿನಲ್ಲಿ ಆಗ ಬಹುಸಂಖ್ಯಾತರಾಗಿದ್ದವರು ಅರಬರು.

ತೊಡಕನ್ನು ಬಿಗಿಗೊಳಿಸಿದ ಹೊಣೆ ಬಹುಮಟ್ಟಿಗೆ ಬ್ರಿಟನ್ನಿನದು ಎಂದು ನನ್ನ ಅಭಿಪ್ರಾಯ. 1915–16ರಲ್ಲಿ ಮೆಕ್ಕಾದ ಅರಬ್ ಆಡಳಿತಗಾರ ಷರೀಫ್ ಹುಸೇನನಿಗೆ ಪತ್ರಗಳ ಮೂಲಕ ಅರಬ್ ಸ್ವಾತಂತ್ರ್ಯದ ಭರವಸೆ ನೀಡಿದ ಅದೇ ಸರ್ಕಾರ, 1917ರ ಬಾಲ್ಫರ್ ಘೋಷಣೆಯಲ್ಲಿ ಯಹೂದಿಗಳ ‘ರಾಷ್ಟ್ರೀಯ ನೆಲೆ’ಯನ್ನು ಬೆಂಬಲಿಸಿ, ಅರಬರನ್ನು ಹೆಸರಿಸದೆ ‘ಯಹೂದಿಯೇತರ ಸಮುದಾಯಗಳು’ ಎಂದಷ್ಟೇ ಕರೆಯಿತು. (ಮರುವರ್ಷ ಹೈಫಾವನ್ನು ಆಟೊಮನ್ನರಿಂದ ಗೆದ್ದ ಪಡೆಯಲ್ಲಿ ಮೈಸೂರು ಲ್ಯಾನ್ಸರ್ಸ್ ಅಶ್ವದಳವೂ ಇತ್ತು.) ಮೊದಲ ಮಹಾಯುದ್ಧದ ನಂತರ ಪ್ಯಾಲೆಸ್ಟೀನಿಗೆ ಬಂದ ಬ್ರಿಟಿಷ್ ಆಡಳಿತದಲ್ಲಿ, ಅದರಲ್ಲೂ 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ, ಯಹೂದಿ ವಲಸೆ ಏರಿತು; ಅದನ್ನು ವಿರೋಧಿಸಿದ 1936–39ರ ಅರಬ್ ದಂಗೆಯನ್ನು ಬ್ರಿಟಿಷರು ಕಠೋರವಾಗಿ ಹತ್ತಿಕ್ಕಿದರು.

ನಾಜಿಗಳ ನರಮೇಧದ ನಂತರ, 1947ರ ವಿಶ್ವಸಂಸ್ಥೆಯ ವಿಭಜನಾ ಯೋಜನೆಯು ಜನಸಂಖ್ಯೆಯಲ್ಲಿ ಸುಮಾರು ಮೂರನೇ ಒಂದರಷ್ಟಿದ್ದ ಯಹೂದಿಗಳ ರಾಜ್ಯಕ್ಕೆ ಅರ್ಧಕ್ಕಿಂತ ಹೆಚ್ಚು ಭೂಮಿಯನ್ನು ಸೂಚಿಸಿತು. ಯಹೂದಿ ನಾಯಕತ್ವ ಒಪ್ಪಿತು, ಅರಬರು ತಿರಸ್ಕರಿಸಿದರು. ಆ ಬಳಿಕದ ಕಾಳಗಗಳಲ್ಲಿ, 1948ರ ಮೇ 14ರಂದು ಇಸ್ರೇಲ್ ಸ್ಥಾಪನೆಯಾಗಿ ನೆರೆಯ ಅರಬ್ ದೇಶಗಳು ಯುದ್ಧಕ್ಕಿಳಿದ ಹಿಂದುಮುಂದಿನ ತಿಂಗಳುಗಳಲ್ಲಿ, ಸುಮಾರು 7 ಲಕ್ಷ ಪ್ಯಾಲೆಸ್ಟೀನಿಯರು ಮನೆ ತೊರೆದು ಓಡಿಹೋದರು ಅಥವಾ ಹೊರದೂಡಲ್ಪಟ್ಟರು. ಅವರ ಮರಳುವಿಕೆಯ ಹಕ್ಕು, 1967ರಲ್ಲಿ ಇಸ್ರೇಲ್ ವಶಪಡಿಸಿಕೊಂಡ ಪಶ್ಚಿಮ ದಂಡೆ, ಗಾಜಾ, ಪೂರ್ವ ಜೆರುಸಲೇಮ್‌ಗಳ ಭವಿಷ್ಯ ಇಂದಿಗೂ ಇತ್ಯರ್ಥವಾಗಿಲ್ಲ.